ಅತ್ತೆಯ ಕೋಟಿ, ನನ್ನ ಲೆಕ್ಕ

ನನಗೊಂದು ಕೆಟ್ಟ ಚಾಳಿ ಇದೆ. ಎಲ್ಲಿ ಉದ್ದನೆಯ ಅಂಕಿ ಕಂಡರೂ ಬಲಗಡೆಯ ತುದಿಗೆ ಬೆರಳಿಟ್ಟು ‘ಏಕ, ದಶ, ಶತ, ಸಹಸ್ರ’ ಎಂದು ಗೊಣಗುತ್ತಾ ಎಡಕ್ಕೆ ಹೋಗುತ್ತೇನೆ. ಕರೆಂಟು ಮೀಟರು, ಗ್ಯಾಸ್ ಸಿಲಿಂಡರು, ಔಷಧದ ಡಬ್ಬಿ, ಯಾವುದಾದರೂ ಆಯಿತು. ಒಮ್ಮೆ ಇಲ್ಲೇ ವಿಶಾಖಪಟ್ಟಣದ ಬೀಚ್ ರಸ್ತೆಯಲ್ಲಿ ನಿಂತಿದ್ದ ಲಾರಿಯ ಹಿಂಬದಿಯ ಮೊಬೈಲ್ ನಂಬರನ್ನು ಹೀಗೆ ಓದಿ, ‘ನೋಡೇ, ಈತ ಒಂಬತ್ತು ಶತಕೋಟಿಯ ಆಸಾಮಿ’ ಎಂದು ಹೆಂಡತಿಗೆ ಹೇಳಿದೆ. ‘ಏವಂಡೀ, ಸುಮ್ಮನೆ ನಡೀರಿ, ಡ್ರೈವರು ನಮ್ಮನ್ನೇ ನೋಡ್ತಿದಾನೆ’ ಎಂದಳು. ಅವಳು ಹುಟ್ಟಿ ಬೆಳೆದದ್ದು ವಿಜಯವಾಡದಲ್ಲಿ. ಕನ್ನಡದಲ್ಲಿ ಬೈಯುವಾಗಲೂ ‘ಏವಂಡೀ’ ಎಂದು ತೆಲುಗಿನಲ್ಲಿ ಮರ್ಯಾದೆ ಕೊಟ್ಟೇ ಶುರು ಮಾಡುತ್ತಾಳೆ.

ಈ ಚಾಳಿಯ ಬಗ್ಗೆ ಈಗೇಕೆ ಹೇಳುತ್ತಿದ್ದೇನೆಂದರೆ, ಹೋದ ಭಾನುವಾರದಿಂದ ನನಗೆ ಅದರ ಮೇಲೆ ಸಿಟ್ಟು ಬಂದಿದೆ. ಮಗಳು ಲಾಸ್ಯಳ ರಫ್ ನೋಟ್‌ಬುಕ್ಕಿನಿಂದ ಬಂದ ಸಿಟ್ಟು ಅದು. ಅದನ್ನು ಹೇಳುತ್ತೇನೆ, ಸ್ವಲ್ಪ ತಾಳಿ. ಮೇಷ್ಟ್ರುಗಳು ಯಾವುದನ್ನೂ ನೇರವಾಗಿ ಹೇಳುವುದಿಲ್ಲ, ಮೊದಲು ಬೋರ್ಡು ಒರೆಸಬೇಕು.

ನಾನು ಇಲ್ಲಿನ ಎಂವಿಪಿ ಕಾಲೋನಿಯ ಒಂದು ಕೋಚಿಂಗ್ ಸೆಂಟರಿನಲ್ಲಿ ಲೆಕ್ಕ ಹೇಳಿಕೊಡುವವನು. ಊರು ತಿಪಟೂರು. ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ರಟ್ಟು ಹರಿದ ಒಂದು ಮಗ್ಗಿ ಪುಸ್ತಕವಿತ್ತು. ಅದರ ಕೊನೆಯ ಪುಟದಲ್ಲಿ, ಸೇರು ಪಾವು ಚಟಾಕುಗಳ ಕೆಳಗೆ, ಸಂಖ್ಯಾಸ್ಥಾನಗಳ ಹೆಸರು ಅಚ್ಚಾಗಿತ್ತು. ಕೋಟಿಯವರೆಗೆ ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದೆ ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಒಟ್ಟು ಇಪ್ಪತ್ತನಾಲ್ಕು ಸ್ಥಾನ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ ಹಾಕಿದರೆ ಮಹಾಕ್ಷೋಭ. ಎಂಟನೆಯ ವಯಸ್ಸಿಗೆ ಇದಿಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ. ಮನೆಗೆ ಬಂದವರ ಮುಂದೆಲ್ಲ ಹೇಳಿಸುತ್ತಿದ್ದರು, ಅವರು ಬಾಯಿ ತೆರೆದುಕೊಂಡು ಕೇಳಿ ಒಂದು ಪೆಪ್ಪರ್‌ಮಿಂಟು ಕೊಟ್ಟು ಹೋಗುತ್ತಿದ್ದರು.

ನನ್ನನ್ನು ಸೋಲಿಸುತ್ತಿದ್ದವಳು ಒಬ್ಬಳೇ, ನನ್ನ ಅಕ್ಕ. ಸ್ಕೂಲಿಗೆ ನಡೆದು ಹೋಗುವಾಗ ನಮ್ಮಿಬ್ಬರದು ಒಂದೇ ಆಟ, ಯಾರು ದೊಡ್ಡ ಸಂಖ್ಯೆ ಹೇಳುತ್ತಾರೆ ಅಂತ. ಅವಳು ಸಾವಿರ ಎಂದರೆ ನಾನು ಲಕ್ಷ, ಅವಳು ಕೋಟಿ ಎಂದರೆ ನಾನು ಶಂಖ. ಕೊನೆಗೆ ನಾನು ಎದೆಯುಬ್ಬಿಸಿ ‘ಮಹಾಕ್ಷೋಭ’ ಎನ್ನುತ್ತಿದ್ದೆ. ಅವಳು ಜಡೆ ಹಿಂದಕ್ಕೆ ಎಸೆದು, ‘ಅದಕ್ಕಿಂತ ಒಂದು ಜಾಸ್ತಿ’ ಎಂದು ಓಡಿಬಿಡುತ್ತಿದ್ದಳು. ಹೆಸರೇ ಇಲ್ಲದ ಸಂಖ್ಯೆಯಿಂದ ಗೆಲ್ಲುವುದು ಮೋಸ ಎಂದು ನಾನು ಅಮ್ಮನ ಹತ್ತಿರ ದೂರು ಹೇಳಿದ್ದೂ ಉಂಟು. ಅಮ್ಮ ಇಬ್ಬರಿಗೂ ಬೈದು ಕಳಿಸಿದಳು.

ಆ ಅಹಂಕಾರ ಮುಂದೆ ನನ್ನ ಹೊಟ್ಟೆಪಾಡಾಯಿತು. ಪ್ರತಿ ವರ್ಷ ಹೊಸ ಬ್ಯಾಚಿನ ಮೊದಲ ದಿನ ಬೋರ್ಡಿನ ಈ ತುದಿಯಿಂದ ಆ ತುದಿವರೆಗೆ ಅಂಕಿ ಬರೆದು ‘ಓದಿ ನೋಡೋಣ’ ಎನ್ನುತ್ತೇನೆ. ಮಕ್ಕಳು ಮಿಲಿಯನ್, ಬಿಲಿಯನ್, ಟ್ರಿಲಿಯನ್ ಎಂದು ತಡವರಿಸಿ ನಿಲ್ಲುತ್ತವೆ. ಆಗ ನಾನು ಗೊಗ್ಗರು ದನಿಯಲ್ಲಿ ನನ್ನ ಮಂತ್ರ ಹೇಳುತ್ತೇನೆ. ಆಮೇಲೆ ಅದೆಲ್ಲವನ್ನೂ ಒರೆಸಿ, ಹತ್ತು ಎಂದು ಬರೆದು ತಲೆಯ ಮೇಲೆ ಪುಟ್ಟದಾಗಿ ಇಪ್ಪತ್ತಮೂರು ಎಂದು ಬರೆಯುತ್ತೇನೆ. ‘ನೋಡ್ರಪ್ಪಾ, ಮಹಾಕ್ಷೋಭ ಅಂದರೆ ಇಷ್ಟೇ. ತಲೆ ಮೇಲೆ ನೂರು ಬರೆದರೆ ಗೂಗಲ್ ಅನ್ನೋ ಸಂಖ್ಯೆ. ಆ ಗೂಗಲನ್ನೇ ತಲೆ ಮೇಲೆ ಕೂರಿಸಿದರೆ ಇನ್ನೊಂದು. ಘಾತದ ಮೇಲೆ ಘಾತ, ಅದರ ಮೇಲೆ ಘಾತ. ಜಗತ್ತಿನ ಕಾಗದವೆಲ್ಲ ಸೇರಿದರೂ ಬರೆದು ಮುಗಿಯದ ಸಂಖ್ಯೆ ಅರ್ಧ ಇಂಚು ಸುಣ್ಣದಕಡ್ಡಿಯಲ್ಲಿ ಮುಗಿಯುತ್ತೆ.’ ಕೆಮಿಸ್ಟ್ರಿಯ ಸಹೋದ್ಯೋಗಿ ಒಮ್ಮೆ ನನ್ನ ತರಗತಿಯ ಬಾಗಿಲಲ್ಲಿ ನಿಂತು ಕೇಳಿ, ‘ಮೇಷ್ಟ್ರೇ, ಒಂದು ದೊಡ್ಡ ಚಮಚ ನೀರಿನಲ್ಲಿರೋ ಅಣುಗಳೇ ನಿಮ್ಮ ಆರು ಮಹಾಕ್ಷೋಭ ಆಗ್ತವೆ’ ಎಂದು ಹೇಳಿ ಹೋದರು. ನಾನು ಅಂದು ಮಧ್ಯಾಹ್ನ ನೀರು ಕುಡಿಯುವಾಗ ಎಣಿಸಿದ್ದೇನೆ ಎಂದರೆ ನೀವು ನಂಬಬೇಕು.

ಹೆಂಡತಿಯ ಹೆಸರು ಪದ್ಮ. ಮದುವೆಯ ಮಾತುಕತೆಗೆ ವಿಜಯವಾಡದ ಭವಾನಿಪುರಂನ ಅವರ ಮನೆಗೆ ಹೋದಾಗ, ‘ಪದ್ಮ ಅಂದರೆ ಒಂದರ ಮುಂದೆ ಹದಿನಾಲ್ಕು ಸೊನ್ನೆ’ ಎಂದು ಹೇಳಿದ್ದೆ. ಹೊಗಳಿಕೆ ಅಂದುಕೊಂಡಿದ್ದೆ. ಒಳಗೆ ಹೋಗಿ ಅವಳು, ‘ಅಮ್ಮಾ, ಈ ಮನುಷ್ಯ ನನ್ನ ಸೊನ್ನೆ ಎಣಿಸ್ತಿದಾನೆ’ ಎಂದಳಂತೆ. ಅವಳ ತಾಯಿ, ಎಂದರೆ ನನ್ನ ಅತ್ತೆ, ‘ಎಣಿಸ್ಲಿ ಬಿಡು, ಎಣಿಸೋರು ಕಳಕೊಳ್ಳಂಗಿಲ್ಲ’ ಎಂದು ಮದುವೆಗೆ ಒಪ್ಪಿಸಿದರಂತೆ. ನನ್ನ ಎಣಿಕೆಯ ಮೇಲೆ ಮೊದಲು ನಂಬಿಕೆ ಇಟ್ಟವರು ಅವರೇ.

ಅತ್ತೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದವರು. ಹತ್ತೊಂಬತ್ತಕ್ಕೆ ಮದುವೆಯಾಗಿ ವಿಜಯವಾಡಕ್ಕೆ ಬಂದರು. ಮಾವ ಮಂಗಳಗಿರಿಯ ನೇಕಾರರಿಂದ ಹತ್ತಿ ಸೀರೆ ತಂದು ಮಾರುತ್ತಿದ್ದವರು, ಮನೆಮಾತು ತೆಲುಗು. ಅತ್ತೆ ಕನ್ನಡ ಆಡುತ್ತಿದ್ದದ್ದು ಮಕ್ಕಳ ಜೊತೆ, ಬರೆಯುತ್ತಿದ್ದದ್ದು ಊರಲ್ಲಿದ್ದ ತಾಯಿಗೆ ಕಾಗದದಲ್ಲಿ. ತಾಯಿ ಹೋದ ಮೇಲೆ ಬರೆಯಲು ಯಾರೂ ಉಳಿಯಲಿಲ್ಲ. ಮಾವನೂ ತೀರಿಕೊಂಡ ವರ್ಷ ಪಕ್ಕದ ಮನೆಯ ಸುಬ್ಬಾಯಮ್ಮಗಾರು ಒಂದು ರಾಮಕೋಟಿ ಪುಸ್ತಕ ತಂದುಕೊಟ್ಟರು. ಆ ಕಡೆಯ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಪುಟದ ತುಂಬ ಪುಟ್ಟ ಪುಟ್ಟ ಚೌಕ, ಒಂದೊಂದು ಚೌಕದಲ್ಲೂ ಒಂದೊಂದು ಸಲ ರಾಮನ ಹೆಸರು. ಹಾಗೆ ಬರೆಯುತ್ತಾ ಬರೆಯುತ್ತಾ ಕೋಟಿ ಮುಟ್ಟಿಸಿ, ಪುಸ್ತಕಗಳನ್ನು ಭದ್ರಾಚಲದ ರಾಮನ ದೇವಸ್ಥಾನಕ್ಕೆ ಒಪ್ಪಿಸುವುದು.

ಎಲ್ಲರೂ ತೆಲುಗಿನಲ್ಲಿ ಬರೆದರೆ ಅತ್ತೆ ಕನ್ನಡದಲ್ಲಿ ಬರೆದರು. ‘ಮೀ ರಾಮುಡಿಕಿ ಕನ್ನಡಂ ವಸ್ತುಂದಾ ಅಂಡೀ?’, ನಿಮ್ಮ ರಾಮನಿಗೆ ಕನ್ನಡ ಬರುತ್ತದೆಯೇ, ಎಂದು ಸುಬ್ಬಾಯಮ್ಮಗಾರು ನಗಾಡಿದರೆ, ಅತ್ತೆ ನಮ್ಮ ಕಡೆ ತಿರುಗಿ ಹೇಳುತ್ತಿದ್ದರು, ‘ಸೀತವ್ವನ್ನ ಹುಡಿಕ್ಕೊಂತ ರಾಮ ನಮ್ಮ ಹಂಪಿ ಕಡಿಗೇ ಬಂದಿದ್ದಿಲ್ಲೇನು? ಅಲ್ಲಿ ಮಂಗ್ಯಾಗಳ ಜೋಡಿ ಏನು ತೆಲುಗು ಮಾತಾಡ್ಯಾನೇನು?’

ನಾನು ಕಂಡಂತೆ ಅವರು ಬರೆಯುವ ರೀತಿ ಹೀಗೆ. ಬೆಳಿಗ್ಗೆ ಸ್ನಾನ, ಕಾಫಿ, ಆಮೇಲೆ ತಾರಸಿಯ ಮೆಟ್ಟಿಲ ಪಕ್ಕ ಒಂದು ಮಣೆ. ಅಲ್ಲಿ ಕೃಷ್ಣೆಯ ಗಾಳಿ ಬರುತ್ತದೆ. ನೀಲಿ ಪೆನ್ನು, ಕನ್ನಡಕ, ತೊಡೆಯ ಮೇಲೆ ರಟ್ಟು. ದಿನಕ್ಕೆ ಎರಡು ಪುಟ. ಬರೆಯುವಾಗ ತುಟಿ ಅಲ್ಲಾಡುತ್ತಿತ್ತು, ನಡುನಡುವೆ ‘ಲೇ ಪದ್ದಿ, ಬ್ಯಾಳಿ ಉಕ್ಕತೈತಿ ನೋಡು’ ಎಂದು ಕೂಗುವುದೂ ನಡೆಯುತ್ತಿತ್ತು. ರಾಮನೂ ಬೇಳೆಯೂ ಒಂದೇ ಸಾಲಿನಲ್ಲಿ ಹೋಗುತ್ತಿದ್ದವು. ಮುಖ ಮಾತ್ರ ತಾಯಿಗೆ ಕಾಗದ ಬರೆಯುವ ಹುಡುಗಿಯ ಮುಖ. ಇದನ್ನು ನಾನು ಆಗ ನೋಡಲಿಲ್ಲ, ಈಗ ನೆನಪಿನಲ್ಲಿ ನೋಡುತ್ತಿದ್ದೇನೆ.

ಆರು ವರ್ಷದ ಹಿಂದೆ ಸಂಕ್ರಾಂತಿಗೆ ನಾವೆಲ್ಲ ಭವಾನಿಪುರಂಗೆ ಹೋಗಿದ್ದೆವು. ಹಬ್ಬದ ಊಟ ಮುಗಿಸಿ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದಾಗ ಅತ್ತೆ ಕಬ್ಬಿಣದ ಟ್ರಂಕು ತೆಗೆದು ತೋರಿಸಿದರು. ಒಳಗೆ ಪುಸ್ತಕಗಳ ರಾಶಿ.

‘ಅಳಿಯಂದ್ರ, ನೀವು ಲೆಕ್ಕದೋರು. ಇದು ಒಟ್ಟು ಎಷ್ಟಾತು ನೋಡ್ರಿ ಸ್ವಲ್ಪ’ ಎಂದರು.

ಕೇಳಬೇಕೇ! ನಾನು ತೋಳೇರಿಸಿದೆ. ಸಾಲಿಗೆ ಹನ್ನೆರಡು ಚೌಕ, ಪುಟಕ್ಕೆ ಹದಿನೆಂಟು ಸಾಲು, ಪುಟಕ್ಕೆ ಇನ್ನೂರ ಹದಿನಾರು. ಪುಸ್ತಕಕ್ಕೆ ನೂರು ಪುಟ. ಎಂಬತ್ತು ಪುಸ್ತಕ ಪೂರ್ತಿ, ಎಂಬತ್ತೊಂದನೆಯದರಲ್ಲಿ ಮೂವತ್ತು ಪುಟ. ‘ಹದಿನೇಳು ಲಕ್ಷದ ಮೂವತ್ತನಾಲ್ಕು ಸಾವಿರದ ನಾನೂರ ಎಂಬತ್ತು’ ಎಂದು ಘೋಷಿಸಿದೆ.

ಅತ್ತೆಯ ಕಣ್ಣು ಅರಳಿತು. ‘ಹದಿನೇಳು ಲಕ್ಷ ಆತೇನ್ರಿ? ನನ್ನ ಕೈಲಿಂದ? ಅಯ್ಯೋ ರಾಮ!’ ಎಂದು ತಮ್ಮ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರೆಯಿರಿ ಎಂದು ಪರೀಕ್ಷೆಗೆ ಹೋಗುವ ಮಕ್ಕಳಿಗೆ ಸಾವಿರ ಸಲ ಹೇಳಿದ್ದೇನೆ. ನನಗೆ ಯಾರೂ ಹೇಳಿರಲಿಲ್ಲ. ಹಬ್ಬದ ಊಟದ ಅಮಲು, ಸುತ್ತ ಷಡ್ಡಕ, ನಾದಿನಿ, ಅವರ ಮಕ್ಕಳು, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದಾರೆ. ನನ್ನೊಳಗಿನ ಪೆಪ್ಪರ್‌ಮಿಂಟಿನ ಹುಡುಗ ಎದ್ದು ಕೂತ.

‘ಇರಿ ಅತ್ತೆ, ಇನ್ನೂ ಇದೆ. ಹನ್ನೊಂದು ವರ್ಷಕ್ಕೆ ಇಷ್ಟಾದರೆ, ಕೋಟಿಗೆ ಉಳಿದದ್ದು ಎಂಬತ್ತೆರಡು ಲಕ್ಷದ ಮೇಲೆ. ದಿನಕ್ಕೆ ನಾನೂರ ಮೂವತ್ತೆರಡರ ಹಾಗೆ... ಇನ್ನು ಐವತ್ತೆರಡು ವರ್ಷ ಐದು ತಿಂಗಳು ಬೇಕು. ಈಗ ಅರವತ್ತೆಂಟು. ನಿಮಗೆ ನೂರಿಪ್ಪತ್ತು ತುಂಬಿದ ಮೇಲೆ ಭದ್ರಾಚಲಕ್ಕೆ ಟಿಕೆಟ್ ಮಾಡಿಸ್ತೀನಿ!’

ಎಲ್ಲರೂ ಗೊಳ್ಳೆಂದು ನಕ್ಕರು. ಷಡ್ಡಕ ಬೆನ್ನು ತಟ್ಟಿದ. ಅತ್ತೆಯೂ ನಕ್ಕರು. ‘ಹೌದಲ್ರಿ, ನಾನು ಅಷ್ಟು ವಿಚಾರನ ಮಾಡಿದ್ದಿಲ್ಲ’ ಎಂದು ಟ್ರಂಕಿನ ಮುಚ್ಚಳ ಹಾಕಿದರು. ಆಮೇಲೆ ಅರಿಸೆಲು, ಎಂದರೆ ನಮ್ಮ ಕಜ್ಜಾಯ, ತಂದುಕೊಟ್ಟರು, ನಾನು ಎರಡು ಹೆಚ್ಚೇ ತಿಂದೆ.

ಒಂದು ತಿಂಗಳ ಮೇಲೆ ಪದ್ಮ ಫೋನಿಟ್ಟು ಬಂದು, ‘ಏವಂಡೀ, ಅಮ್ಮ ರಾಮಕೋಟಿ ಬಿಟ್ಟುಬಿಟ್ಟಿದಾಳಂತೆ’ ಎಂದಳು. ‘ಕಣ್ಣಿಗೆ ಪೊರೆ ಬಂದಿರಬೇಕು’ ಎಂದೆ. ‘ಕಣ್ಣಲ್ಲ, ನೀವು’ ಎಂದಳು. ಆಗ ನಾನು ಕೊಟ್ಟ ಉತ್ತರ ಈಗಲೂ ಅವಳ ಬಾಯಲ್ಲಿ ಆಗಾಗ ಬರುತ್ತದೆ. ‘ಯಾಕೆ, ಲೆಕ್ಕ ಸರಿಯಾಗೇ ಇದೆಯಲ್ಲ?’ ಎಂದಿದ್ದೆ. ಬೇಕಾದರೆ ಇನ್ನೊಮ್ಮೆ ಮಾಡಿ ತೋರಿಸುತ್ತೇನೆ ಎಂದು ಪೆನ್ನನ್ನೂ ತೆಗೆದಿದ್ದೆ. ಆಮೇಲೆ ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಪ್ರತಿ ಸಲ ಭವಾನಿಪುರಂಗೆ ಹೋದಾಗ ಮೆಟ್ಟಿಲ ಪಕ್ಕದ ಖಾಲಿ ಮಣೆ ಕಾಣುತ್ತಿತ್ತು, ನಾನು ಬೇರೆ ಕಡೆ ನೋಡುತ್ತಿದ್ದೆ.

ಈಗ ಅತ್ತೆ ನಮ್ಮ ಮನೆಯಲ್ಲೇ ಇದ್ದಾರೆ. ಕಣ್ಣಿನ ಪೊರೆಯ ಆಪರೇಷನ್ನಿಗೆ ಕರೆತಂದೆವು. ಪೊರೆ ಈಗ ಬಂದದ್ದು, ಆರು ವರ್ಷದ ಹಿಂದೆ ಅಲ್ಲ. ಕಣ್ಣು ಸರಿಹೋಯಿತು, ಆದರೆ ಹೋದ ವರ್ಷದಿಂದ ಬಲಗೈ ನಡುಗುತ್ತದೆ. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿಯುತ್ತಾರೆ. ಬರುವಾಗ ಚೀಲದಲ್ಲಿ ಮೊಮ್ಮಗಳಿಗೆಂದು ಗೋಂಗೂರ ಉಪ್ಪಿನಕಾಯಿ, ಮಂಗಳಗಿರಿಯ ಒಂದು ಚೂಡಿದಾರದ ಬಟ್ಟೆ, ಮತ್ತೆ ಒಂದು ನೋಟ್‌ಬುಕ್ಕು ತಂದಿದ್ದರು.

ಹೋದ ಭಾನುವಾರ ಲಾಸ್ಯ ಊಟದ ಮೇಜಿನ ಮೇಲೆ ಲೆಕ್ಕ ಮಾಡುತ್ತಿದ್ದಳು. ಇಂಟರ್ ಮೊದಲ ವರ್ಷ, ಎಂದರೆ ನಮ್ಮ ಕಡೆಯ ಪಿಯುಸಿ. ಬಗ್ಗಿ ನೋಡಿದೆ. ಹತ್ತರ ಘಾತ ಇಪ್ಪತ್ತಮೂರು, ಹತ್ತರ ಘಾತ ಮೈನಸ್ ಹತ್ತೊಂಬತ್ತು. ಎಲ್ಲ ಸರಿ, ಆದರೆ ಹಾಳೆಯಲ್ಲಿ ಗುಲಾಬಿ ಬಣ್ಣದ ಪುಟ್ಟ ಚೌಕಗಳು.

‘ಇದೆಲ್ಲಿ ಸಿಕ್ಕಿತು?’

‘ಅಮ್ಮಮ್ಮ ಕೊಟ್ಟಿದ್ದು ಕದಾ ನಾನ್ನಾ. ವೇಸ್ಟ್ ಆಗುತ್ತೆ ತಗೋ ಅಂದ್ರು. ಗ್ರಾಫ್ ಹಾಕೋಕೆ ಭಲೇ ಇದೆ.’ ಅಪ್ಪನಾದ ನಾನು ಅವಳಿಗೆ ತೆಲುಗಿನ ‘ನಾನ್ನಾ’.

ಅವಳು ಹಿಂದಿನಿಂದ ಬರೆಯುತ್ತಾ ಬಂದಿದ್ದಳು. ನಾನು ಮುಂದಿನಿಂದ ತಿರುವಿದೆ. ಎಂಬತ್ತೊಂದನೆಯ ಪುಸ್ತಕ. ಮೂವತ್ತು ಪುಟ ತುಂಬ ನೀಲಿ ಶಾಯಿಯಲ್ಲಿ ‘ಶ್ರೀರಾಮ’, ದುಂಡಗೆ, ಒಂದೂ ಚೌಕದ ಗೆರೆ ದಾಟಿಲ್ಲ. ಮೂವತ್ತೊಂದನೆಯ ಪುಟ ಬೇರೆ ಥರ ಇತ್ತು. ಮೊದಲ ಸಾಲಿನ ಕೊನೆಗೆ, ಅಂಚಿನಲ್ಲಿ, ಪೆನ್ಸಿಲಿನಿಂದ ಸಣ್ಣಗೆ ೧೨ ಎಂದು ಬರೆದಿತ್ತು. ಎರಡನೆಯ ಸಾಲಿಗೆ ೨೪. ಮೂರನೆಯದಕ್ಕೆ ೩೬. ನಾಲ್ಕನೆಯ ಸಾಲಿನಲ್ಲಿ ಐದು ಚೌಕ ತುಂಬಿ ಮುಂದೆ ಖಾಲಿ. ಹಿಂದಿನ ಮೂವತ್ತು ಪುಟವನ್ನೂ ಮತ್ತೆ ತಿರುವಿ ನೋಡಿದೆ, ಅಂಚಿನಲ್ಲಿ ಎಲ್ಲೂ ಒಂದೂ ಅಂಕಿ ಇರಲಿಲ್ಲ.

ಅಲ್ಲೇ ಕುರ್ಚಿ ಎಳೆದು ಕುಳಿತೆ. ಆದರೆ ನಾನು ಎಂಥವನು ನೋಡಿ. ಕುಳಿತವನು ಅಳಲಿಲ್ಲ, ಪೆನ್ಸಿಲ್ ತೆಗೆದುಕೊಂಡೆ. ಮನೆಮಂದಿಯೆಲ್ಲ ಸೇರಿ ಬರೆದರೂ ರಾಮಕೋಟಿಗೆ ಸಲ್ಲುತ್ತದೆ ಎಂದು ಪದ್ಮ ಯಾವಾಗಲೋ ಹೇಳಿದ್ದು ನೆನಪಾಯಿತು. ನಾನು, ಪದ್ಮ, ಲಾಸ್ಯ, ಅತ್ತೆಯ ಬದಲಿಗೆ ನಾದಿನಿ. ನಾಲ್ಕು ಜನ, ತಲಾ ಎರಡು ಪುಟ. ಉಳಿದ ಎಂಬತ್ತೆರಡು ಲಕ್ಷ ಚಿಲ್ಲರೆಗೆ ಹದಿಮೂರು ವರ್ಷ ಒಂದು ತಿಂಗಳು. ಅತ್ತೆಗೆ ಈಗ ಎಪ್ಪತ್ತನಾಲ್ಕು. ಎಂಬತ್ತೇಳಕ್ಕೆ ಮುಗಿಯುತ್ತದೆ! ಚೀಟಿ ಹಿಡಿದು ಬಾಲ್ಕನಿಗೆ ಹೋದೆ. ಅತ್ತೆ ಬಿಸಿಲಿಗೆ ಕಾಲು ಕೊಟ್ಟು ಕುರ್ಚಿಯಲ್ಲಿ ಕುಳಿತಿದ್ದರು.

‘ಅತ್ತೆ, ಅವತ್ತು ನಾನು ಹಾಗೆ ಹೇಳಬಾರದಿತ್ತು. ತಪ್ಪಾಯಿತು. ಈಗ ಬೇರೆ ಲೆಕ್ಕ ಮಾಡಿದ್ದೇನೆ. ನಾವೆಲ್ಲ ಸೇರಿ ಬರೆದರೆ ಹದಿಮೂರೇ ವರ್ಷ...’

ಅವರು ಚೀಟಿ ಇಸಿದುಕೊಂಡರು. ನಡುಗುವ ಕೈಯಲ್ಲಿ ಅದು ಪಟಪಟ ಅಂತಿತ್ತು. ಓದಿ, ನಾಲ್ಕು ಮಡಿಕೆ ಮಾಡಿ, ನನ್ನ ಕೈಗೇ ಕೊಟ್ಟರು.

‘ನೀವು ತಪ್ಪೇನ್ ಹೇಳಿದ್ದಿಲ್ರಿ. ಲೆಕ್ಕ ಸರೀನೇ ಇತ್ತು’ ಎಂದರು.

‘ಮತ್ತೆ ಯಾಕೆ ಬಿಟ್ಟಿರಿ?’

ಕೆಳಗೆ ರಸ್ತೆಯಲ್ಲಿ ಕೋಚಿಂಗಿಗೆ ಹೋಗುವ ಮಕ್ಕಳ ಸ್ಕೂಟಿಗಳ ಸದ್ದು.

‘ನಾನು ಮುಗಸಾಕಂತ ಬರೀತಿದ್ದಿಲ್ರಿ. ಕೋಟಿ ಅಂದ್ರ ಮುಗಿಯಂಗಿಲ್ಲ ಅಂತ ನನಗೂ ಗೊತ್ತಿತ್ತು, ಅಷ್ಟೂ ದಡ್ಡಿ ಅಲ್ಲ ನಾನು. ದಿನಾ ಒಂದು ಇನ್ನೊಂದು, ಇನ್ನೊಂದು ಅಂತ ಬರೀತಾ ಹೋಗೋದು, ಅಷ್ಟ. ನೀವು ಹೇಳಿದ ಮರುದಿನ ಕುಂತೆ. ರಾಮ ಬರವಲ್ಲ. ಬರೇ ಲೆಕ್ಕ ಬರಾಕ ಹತ್ತಿತು. ಒಂದು ಬರದ್ರ ಒಂದು ಕಮ್ಮಿ ಆತು, ಇನ್ನ ಇಷ್ಟು ಉಳೀತು, ನಾನು ಇನ್ನ ಎಷ್ಟು ದಿನ ಇರತೀನಿ... ನಾಕು ಸಾಲು ನೋಡಿದೆ. ಆಮ್ಯಾಲ ಪೆನ್ನು ಮುಚ್ಚಿದೆ.’ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. ‘ಹೋಗ್ಲಿ ಬಿಡ್ರಿ. ಈಗ ಹೆಂಗೂ ಕೈನೂ ಇಲ್ಲ’ ಎಂದು ನಕ್ಕರು. ಅಂದು ಟ್ರಂಕು ಮುಚ್ಚುವಾಗ ನಕ್ಕಿದ್ದರಲ್ಲ, ಅದೇ ನಗು.

ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೆ. ಇಪ್ಪತ್ತಮೂರು ಸೊನ್ನೆಯ ಹೆಸರು ಬಾಯಿಪಾಠ ಇರುವವನು ನಾನು. ಕೋಟಿಯನ್ನು ಹತ್ತರ ಘಾತ ಏಳು ಎಂದು ಮೂರು ಅಂಕಿಯಲ್ಲಿ ಬರೆದು ಮುಂದೆ ಹೋಗುವವನು. ಇವರ ಹತ್ತಿರ ಹದಿನೇಳು ಲಕ್ಷ ನಿಜವಾಗಿ ಇತ್ತು, ಕೈಯಲ್ಲಿ ಇತ್ತು. ಹೆಸರೇ ಬೇಕಾಗಿರದ ಅಕ್ಕನ ಆ ‘ಒಂದು ಜಾಸ್ತಿ’ಯನ್ನು ಈ ಹೆಂಗಸು ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಬರೆದಿದ್ದಳು. ನಾನು ಒಂದು ಹಬ್ಬದ ಮಧ್ಯಾಹ್ನ, ನಾಲ್ಕು ಜನ ನಗಲಿ ಎಂದು, ಅದನ್ನು ಕಿತ್ತುಕೊಂಡೆ. ಬೇಜಾರು ಎಂಬ ಮಾತು ಇದಕ್ಕೆ ಸಾಲದು, ನನಗೆ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಕೋಚಿಂಗಿಗೆ ಹೋಗುವ ಮೊದಲು ಸ್ನಾನ ಮಾಡಿ, ಆ ಪುಸ್ತಕ ತೆಗೆದುಕೊಂಡು ಬಾಲ್ಕನಿಯಲ್ಲಿ ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತೆ. ಲಾಸ್ಯಳಿಗೆ ಬೇರೆ ನೋಟ್‌ಬುಕ್ಕು ತಂದುಕೊಟ್ಟಿದ್ದೆ. ಮೂವತ್ತೊಂದನೆಯ ಪುಟ, ನಾಲ್ಕನೆಯ ಸಾಲು, ಆರನೆಯ ಚೌಕ. ನೀಲಿ ಪೆನ್ನು. ಕೋಟಿಗಲ್ಲ, ಯಾವುದಕ್ಕೂ ಅಲ್ಲ, ಸುಮ್ಮನೆ ಬರೆಯಬೇಕು ಎಂದುಕೊಂಡೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಎರಡು ಸಲ ಗೆರೆ ದಾಟಿತು. ಅತ್ತೆ ಮೇಲಿನಿಂದ ನೋಡುತ್ತಿದ್ದರು. ಕಾಫಿ ಮುಗಿಸಿ ಲೋಟ ಕೆಳಗಿಟ್ಟರು.

‘ಎಷ್ಟಾತ್ರಿ, ಅಳಿಯಂದ್ರ?’ ಎಂದರು.

ತಲೆ ಎತ್ತದೆ, ‘ಎಣಿಸಿಲ್ಲ ಅತ್ತೆ’ ಎಂದೆ.

ಹದಿನೇಳಾಗಿತ್ತು.